ದನಿಯಿಲ್ಲದ ಆರು ವಾರ

ಎರಡನೇ ಕ್ಲಾಸಿನ ಟೀಚರಿಗೆ ಶಾಲೆಯಲ್ಲಿದ್ದ ಹೆಸರು ಗಂಟೆ ಟೀಚರ್. ಹೆಸರಿಟ್ಟವರು ಮಕ್ಕಳಲ್ಲ, ಪಕ್ಕದ ಕೋಣೆಯ ಮೂರನೇ ಕ್ಲಾಸಿನ ಮೇಷ್ಟ್ರು. ಒಂದು ದಿನ ಜವಾನ ರಜೆ ಹಾಕಿದ್ದ, ಗಂಟೆ ಹೊಡೆಯುವವರು ಯಾರೂ ಇರಲಿಲ್ಲ. ಟೀಚರ್ ವರಾಂಡಕ್ಕೆ ಬಂದು ನಿಂತು "ಎಲ್ಲಾ ಒಳಗೆ ಬನ್ನಿ" ಎಂದು ಒಂದೇ ಒಂದು ಸಲ ಕೂಗಿದ್ದರು. ಬಯಲಿನಲ್ಲಿದ್ದ ಮಕ್ಕಳಷ್ಟೇ ಅಲ್ಲ, ಕಾಂಪೌಂಡಿನಾಚೆ ತನ್ನ ಪಾಡಿಗೆ ಸೈಕಲ್ ತುಳಿಯುತ್ತಿದ್ದವನೊಬ್ಬ ಕೂಡ ಬ್ರೇಕ್ ಹಾಕಿ ಇಳಿದು ನಿಂತಿದ್ದ.

ಇಪ್ಪತ್ತೆರಡು ವರ್ಷದಿಂದ ಅವರ ಪಾಠವೆಲ್ಲ ಆ ಗಂಟಲಿನ ಬಲದ ಮೇಲೆ ನಡೆದಿತ್ತು. ಟೀಚರ್ ಒಂದು ಸಾಲು ಹೇಳುವುದು, ಮೂವತ್ತು ಚಿಲ್ಲರೆ ಮಕ್ಕಳು ಅದನ್ನೇ ಒಟ್ಟಿಗೆ ಹೇಳುವುದು; ಹೀಗೆ ಹತ್ತು ಸಲ. ಹನ್ನೊಂದನೇ ಸಲಕ್ಕೆ ಪುಸ್ತಕ ಹಿಡಿದು ಯಾರನ್ನು ನಿಲ್ಲಿಸಿದರೂ ಪಾಠ ಗಡಗಡ ಬರುತ್ತಿತ್ತು. ಇನ್ಸ್‌ಪೆಕ್ಟರು ಬಂದಾಗಲೆಲ್ಲ ಹೆಡ್ ಮಾಸ್ಟರು ಮೊದಲು ಕರೆದುಕೊಂಡು ಬರುತ್ತಿದ್ದುದು ಈ ಕ್ಲಾಸಿಗೇ.

ಅಂಥ ಗಂಟಲು ಒಂದು ಮಂಗಳವಾರ, ಮೂರರ ಮಗ್ಗಿಯ ನಟ್ಟನಡುವೆ ಕೈಕೊಟ್ಟಿತು. "ಮೂರಾರ್ಲಿ" ಎಂದು ಬಾಯಿ ತೆರೆದರೆ ಬರೀ ಗಾಳಿ ಬಂತು. ಮಕ್ಕಳು ಒಂದು ಕ್ಷಣ ಕಾದರು. ಆಮೇಲೆ, ಟೀಚರ್ ಹೇಳಿದ್ದನ್ನು ಹಾಗೆಯೇ ಹೇಳುವುದು ಅಭ್ಯಾಸವಾಗಿದ್ದರಿಂದ, ಎಲ್ಲರೂ ಬಾಯಿ ಅಗಲಿಸಿ ಹಾ ಎಂದು ಗಾಳಿ ಬಿಟ್ಟರು.

ಗಂಟಲಿನ ಡಾಕ್ಟರು ತೆಳ್ಳಗಿನ ನಳಿಗೆಯೊಂದನ್ನು ಒಳಗಿಳಿಸಿ, ಎದುರಿನ ಪರದೆಯ ಮೇಲೆ ಎರಡು ಗಂಟುಗಳನ್ನು ತೋರಿಸಿದರು. ಒಂದೊಂದೂ ಅಕ್ಕಿಕಾಳಿನಷ್ಟು.

"ಆರು ವಾರ ಒಂದು ಮಾತೂ ಆಡೋ ಹಾಗಿಲ್ಲ," ಅಂದರು. "ಪಿಸುಗುಟ್ಟೋದೂ ಬೇಡ. ಗಂಟಲಿಗೆ ಅದೂ ಕೆಲಸಾನೇ."

ಟೀಚರ್ ಕೈಯಲ್ಲೇ ಗಾಳಿಯ ಮೇಲೆ ಬೋರ್ಡು ಬರೆದು, ಮಕ್ಕಳ ಎತ್ತರ ತೋರಿಸಿ, ಇವರ ಗತಿಯೇನು ಎಂದು ಕೇಳಿದರು.

"ಟೀಚರ್ ಅಂತ ಗೊತ್ತಾಯ್ತು ಬಿಡಿ. ಅದಕ್ಕೇ ಹೇಳ್ತಿರೋದು. ಈಗ ಸುಮ್ಮನಿದ್ರೆ ಆರು ವಾರ. ಇರಲ್ಲ ಅಂದ್ರೆ ಆಪರೇಷನ್ನು, ಆಮೇಲೆ ಯಾವ ದನಿ ಬರುತ್ತೋ ನಾನಂತೂ ಹೇಳಕ್ಕಾಗಲ್ಲ."

ಮನೆಯಲ್ಲಿ ಈ ಸುದ್ದಿಯನ್ನು ಒಬ್ಬೊಬ್ಬರು ಒಂದೊಂದು ಥರ ತೆಗೆದುಕೊಂಡರು. ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಜನರ ಗಲಾಟೆ ಕೇಳಿ ಬರುವ ಗಂಡ, ಅಯ್ಯೋ ಪಾಪ ಎಂದು ಮುಖ ಸಪ್ಪಗೆ ಮಾಡಿಕೊಂಡರೂ ಮೀಸೆಯ ಕೆಳಗೆ ಏನೋ ಒಂದು ಸಣ್ಣಗೆ ಅಲ್ಲಾಡಿದ್ದನ್ನು ಟೀಚರ್ ನೋಡಿಬಿಟ್ಟರು. ನಿಜವಾಗಿ ನೊಂದುಕೊಂಡವರು ಅತ್ತೆ. ಅವರಿಗೆ ಕಿವಿ ಹೋಗಿ ಏಳೆಂಟು ವರ್ಷವಾಗಿತ್ತು. ಮನೆಯಲ್ಲಿ ಯಾರು ಏನೆಂದರೂ ಕೇಳಿಸದು, ಸೊಸೆಯ ದನಿಯೊಂದನ್ನು ಬಿಟ್ಟು.

"ಈ ಮನೇಲಿ ಮಾತಾಡ್ತಿದ್ದೋಳೇ ಅವಳೊಬ್ಬಳು," ಎಂದು ಅತ್ತೆ ಕಣ್ಣೊರೆಸಿಕೊಂಡರು. "ನೀವೆಲ್ಲ ಬರೀ ಬಾಯಿ ಆಡಿಸ್ತೀರಿ."

ಹೆಡ್ ಮಾಸ್ಟರು ರಜೆ ಹಾಕಿ ಎಂದರು. ಬದಲಿಗೆ ಯಾರನ್ನೂ ಕೊಡುವುದಿಲ್ಲವಂತೆ. ಮಕ್ಕಳಲ್ಲಿ ಅರ್ಧ ಜನರನ್ನು ಒಂದನೇ ಕ್ಲಾಸಿಗೆ, ಇನ್ನರ್ಧ ಜನರನ್ನು ಮೂರನೇ ಕ್ಲಾಸಿಗೆ ಹಂಚಿಬಿಡುವುದಂತೆ. ಟೀಚರ್ ಸ್ಲೇಟಿನ ಮೇಲೆ "ಬೇಡ. ಬರುತ್ತೇನೆ" ಎಂದು ಬರೆದು ತೋರಿಸಿದರು.

"ಮಾತಿಲ್ದೆ ಪಾಠ ಹೆಂಗೆ ಮಾಡ್ತೀರಿ ಮೇಡಂ?"

ಟೀಚರ್ ಸ್ಲೇಟಿನಲ್ಲಿ ಬರೆದದ್ದರ ಕೆಳಗೆ ಗೀಟು ಎಳೆದರು. ಬರೆದು ಮಾಡುತ್ತೇನೆ ಎಂಬ ಅರ್ಥ. ಮಕ್ಕಳಿಗೆ ಓದಲು ಬರುತ್ತದಲ್ಲ, ಇನ್ನೇನು ಕಷ್ಟ?

ಮರುದಿನ ಬೆಳಿಗ್ಗೆ ಕ್ಲಾಸಿಗೆ ಹೋಗಿ, ಡಸ್ಟರಿನಿಂದ ಮೇಜು ಕುಟ್ಟಿ ಸದ್ದಡಗಿಸಿ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ಕಿಟಕಿ ಮುಚ್ಚು. ಬಿಸಿಲು ನೇರವಾಗಿ ಮಕ್ಕಳ ಮುಖಕ್ಕೆ ಹೊಡೆಯುತ್ತಿತ್ತು. ಬರೆದು, ಮೊದಲ ಸಾಲಿನಲ್ಲಿ ಕೂತಿದ್ದ ಗಿಣಿಯ ಕಡೆ ಬೆರಳು ತೋರಿಸಿದರು.

ಗಿಣಿ ಕ್ಲಾಸಿನಲ್ಲೇ ಜಾಣೆ. ಅವಳ ಅಜ್ಜಿ ಬೀದಿಯ ತಿರುವಿನಲ್ಲಿ ಸೊಪ್ಪು ಮಾರುತ್ತಿದ್ದಳು. ಗಿಣಿ ಎಂದು ಹೆಸರಿಟ್ಟವಳೂ ಅವಳೇ. ಯಾವ ಪಾಠ ಕೇಳಿದರೂ ಎಲ್ಲೂ ತಡೆಯದೆ ಓದುವ ಹುಡುಗಿ. ಟೀಚರ್ ಬೆರಳು ತೋರಿಸಿದ ಕೂಡಲೇ ಅವಳು ಎದ್ದು ನಿಂತು, ಎರಡು ಕೈ ಹಿಂದಕ್ಕೆ ಕಟ್ಟಿ, ಬೋರ್ಡನ್ನೇ ನೋಡುತ್ತಾ ಸ್ಪಷ್ಟವಾಗಿ ಶುರುಮಾಡಿದಳು: "ಪಾಠ ಆರು. ಇರುವೆಯ ಮನೆ. ಒಂದು ಊರಿನಲ್ಲಿ ಒಂದು ಇರುವೆ ಇತ್ತು. ಅದರ ಮನೆ ಮರದ ಬುಡದಲ್ಲಿ ಇತ್ತು."

ಟೀಚರ್ ತಲೆ ಅಲ್ಲಾಡಿಸಿದರು. ಗಿಣಿ ಒಂದು ಗಳಿಗೆ ನಿಂತು, ತಪ್ಪು ತಿದ್ದಿಕೊಂಡವಳಂತೆ, "ಪಾಠ ಏಳು. ದೋಣಿ," ಎಂದಳು.

ಉಳಿದವರು ಯಾರೂ ನಗಲಿಲ್ಲ. ಕಿಟಕಿ ಮುಚ್ಚಲೂ ಯಾರೂ ಏಳಲಿಲ್ಲ. ಟೀಚರ್ ತಾವೇ ಹೋಗಿ ಮುಚ್ಚಿದರು.

ಅವತ್ತು ಮಧ್ಯಾಹ್ನದ ತನಕ ಅವರು ಬೇರೇನೂ ಮಾಡಲಿಲ್ಲ. ಕಾಗದದ ಚೂರುಗಳ ಮೇಲೆ ಎರಡೆರಡು ಪದ ಬರೆದು ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆದು ಕೊಟ್ಟರು. ಮೂಗು ಮುಟ್ಟು. ಎರಡು ಸಲ ಕುಣಿ. ಬಾಗಿಲು ತಟ್ಟು. ಕೆಲವರು ಬರೆದಂತೆ ಮಾಡಿದರು. ಹೆಚ್ಚಿನವರು ಚೀಟಿಯನ್ನು ನೋಡಿ, ಟೀಚರ್ ಮುಖ ನೋಡಿ, ಪಕ್ಕದವರ ಮುಖ ನೋಡಿ, ಕಣ್ಣು ಕಣ್ಣು ಬಿಟ್ಟು ನಿಂತರು. ಮೂವತ್ತೊಂದು ಮಕ್ಕಳಲ್ಲಿ ಓದಿದವರು ಹನ್ನೊಂದು ಜನ.

ಉಳಿದ ಇಪ್ಪತ್ತು ಮಂದಿ ಇಷ್ಟು ದಿನ ಪುಸ್ತಕ ಓದುತ್ತಿರಲಿಲ್ಲ. ಟೀಚರನ್ನು ಓದುತ್ತಿದ್ದರು. ಸಾಲು ಅವರ ಗಂಟಲಿನಿಂದ ಹೊರಟು ಮಕ್ಕಳ ಕಿವಿಗೆ ಹೋಗಿ ಬಾಯಿಗೆ ಬರುತ್ತಿತ್ತು. ಕಣ್ಣಿಗೂ ಅಕ್ಷರಕ್ಕೂ ಪರಿಚಯವೇ ಆಗಿರಲಿಲ್ಲ. ಹಾಗಾದರೆ ಹೋದ ವರ್ಷದ ಮಕ್ಕಳು? ಅದರ ಹಿಂದಿನ ವರ್ಷದವರು? ಅದನ್ನು ನೆನೆಯಲೂ ಟೀಚರಿಗೆ ಧೈರ್ಯ ಬರಲಿಲ್ಲ.

ಮನೆಗೆ ಬಂದವರು ಊಟ ಬೇಡವೆಂದು ಕೈಯಾಡಿಸಿ ನಡುಮನೆಯ ಮೂಲೆಯಲ್ಲಿ ಗರಬಡಿದವರಂತೆ ಕುಳಿತರು. ಅಳು ಬಂದರೂ ಸದ್ದು ಮಾಡುವಂತಿರಲಿಲ್ಲ. ಗಂಡ ಪಕ್ಕದಲ್ಲಿ ಕೂತು ಏನಾಯಿತೆಂದು ಕೇಳಿದರು. ಟೀಚರ್ ಸ್ಲೇಟಿನಲ್ಲಿ ಬರೆದು, ಒರೆಸಿ, ಮತ್ತೆ ಬರೆದು, ನಡೆದದ್ದನ್ನೆಲ್ಲ ತಿಳಿಸಿದರು.

"ಈಗಲಾದ್ರೂ ಗೊತ್ತಾಯ್ತಲ್ಲ," ಅಂದರು ಗಂಡ. ಮೀಸೆ ಈಗ ಅಲ್ಲಾಡಲಿಲ್ಲ. "ಗಂಟಲು ಸರಿಯಾಗೇ ಇದ್ದಿದ್ರೆ ಯಾವತ್ತೂ ಗೊತ್ತಾಗ್ತಿರಲಿಲ್ಲ."

ಅಷ್ಟರಲ್ಲಿ ಮೈದುನ ಬಂದ. ಅವನದು ಮದುವೆ, ಗೃಹಪ್ರವೇಶಗಳ ವಿಡಿಯೋ ತೆಗೆಯುವ ಕೆಲಸ. ಬೀದಿಯ ಕೊನೆಯಲ್ಲಿ ಒಂದು ಪುಟ್ಟ ಸ್ಟುಡಿಯೋ. ಅವನ ಮುಖವೂ ಹುಳ್ಳಗಿತ್ತು. ಮೈಕಿನ ತಂತಿ ಸರಿಯಾಗಿ ಕೂರದೆ ಒಂದು ಮದುವೆಯ ಒಂದೂವರೆ ತಾಸಿನ ವಿಡಿಯೋದಲ್ಲಿ ಸದ್ದೇ ಬಂದಿರಲಿಲ್ಲ. "ಇದಕ್ಕೆ ಹಾಡು ಜೋಡಿಸಿ ಹೆಂಗೋ ದಾಟಿಸ್ಬೇಕು ಅತ್ತಿಗೆ. ನೋಡಿ ಹೇಳಿ," ಎಂದು ಅದನ್ನು ಮನೆಯ ಟೀವಿಗೆ ಹಾಕಿದ.

ಮೂಕ ಮದುವೆ ಓಡತೊಡಗಿತು. ಅತ್ತೆ ಕುರ್ಚಿ ಎಳೆದುಕೊಂಡು ಮುಂದೆ ಬಂದು ಕೂತರು. ಅವರಿಗೇನು, ಎಲ್ಲ ಕಾರ್ಯಕ್ರಮವೂ ಮೂಕವೇ. ಟೀವಿ ನೋಡುವಾಗ ತಾವೇ ಮಾತು ಹಾಕಿಕೊಂಡು ನೋಡುವುದು ಅವರ ರೂಢಿ. ಮನೆಯವರಿಗೆ ಅದು ಕೇಳಿ ಕೇಳಿ ಕಿವಿಗೇ ಬೀಳುತ್ತಿರಲಿಲ್ಲ. ಈಗ ಸದ್ದೇ ಇಲ್ಲದ್ದರಿಂದ ಎಲ್ಲರಿಗೂ ಕೇಳಿಸಿತು. ಮದುಮಗನ ಕಿವಿಯಲ್ಲಿ ಯಾರೋ ದಪ್ಪ ಮನುಷ್ಯ ಬಗ್ಗಿ ಏನೋ ಹೇಳಿದ. ಅತ್ತೆ ಅಂದರು: "ಲೋ, ನನ್ನ ಹೊಸ ಶೂ ಯಾರೋ ಹಾಕ್ಕೊಂಡು ಹೋಗಿದಾರೆ, ನಿನ್ನದು ಕೊಡು." ಮದುಮಗ ತಲೆಯಾಡಿಸಿದ. ಅತ್ತೆ ಅಂದರು: "ಇವತ್ತೊಂದಿನ ಬಿಟ್ಟುಬಿಡು ಮಾವ, ಫೋಟೋ ತೆಗೀತಿದಾರೆ."

ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಡನೂ ನಕ್ಕರು. ಟೀಚರ್ ಮಾತ್ರ ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು ಅತ್ತೆಯನ್ನೇ ನೋಡಿದರು. ಚಿತ್ರವಿದೆ, ಮಾತಿಲ್ಲ, ಆದ್ದರಿಂದಲೇ ನೋಡಿದವರ ಬಾಯಲ್ಲಿ ಮಾತು ಹುಟ್ಟುತ್ತಿದೆ. ಯಾರೂ ಹೇಳಿಕೊಡದ ಮಾತು. ಅದನ್ನು ಬರೆದಿಟ್ಟರೆ?

ಸ್ಲೇಟು ತೆಗೆದುಕೊಂಡು ಮೈದುನನ ಮುಂದೆ ಹಿಡಿದರು: "ನನಗೊಂದು ಸಿನಿಮಾ ಬೇಕು. ಎರಡು ನಿಮಿಷ ಸಾಕು. ಮಾತು ಇರಬಾರದು."

"ಮಾತಿಲ್ಲದ್ದೇ ಈಗ ನನ್ನ ಸ್ಪೆಷಾಲಿಟಿ," ಅಂದ ಮೈದುನ.

ಎರಡು ದಿನ ಕ್ಯಾಮೆರಾ ಹಿಡಿದು ಬೀದಿ ಸುತ್ತಿ ಅವನು ತಂದ ಮೊದಲ ಸಿನಿಮಾದಲ್ಲಿ ಇದ್ದದ್ದು ಇಷ್ಟೇ. ಕಿರಿದಾದ ಬೀದಿಯ ನಡುವೆ ಒಂದು ಕರು ನಿಂತಿದೆ. ಎದುರಿನಿಂದ ಒಂದು ಕಾರು ಬರುತ್ತದೆ. ಕರು ಜಗ್ಗುವುದಿಲ್ಲ. ಕಾರಿನವನು ಇಳಿಯುತ್ತಾನೆ, ಕೈ ಬೀಸುತ್ತಾನೆ, ಕೈ ಮುಗಿಯುತ್ತಾನೆ. ಕರು ಹತ್ತಿರ ಬಂದು ಕಾರಿನ ಕನ್ನಡಿಯನ್ನು ಸಾವಕಾಶವಾಗಿ ನೆಕ್ಕುತ್ತದೆ. ಜೊತೆಗೆ ಮೈದುನ ತನ್ನ ಹಳೆಯ ಕೀಬೋರ್ಡನ್ನೂ ತಂದುಕೊಟ್ಟ. ಗೆಳೆಯರ ಜೊತೆ ಆರ್ಕೆಸ್ಟ್ರಾ ಕಟ್ಟುತ್ತೇನೆಂದು ಕೊಂಡು ಮೂರೇ ತಿಂಗಳಿಗೆ ಅಟ್ಟ ಸೇರಿಸಿದ್ದ ವಾದ್ಯ. ಅದರ ನಾಲ್ಕು ಮನೆಗಳು ಎಷ್ಟು ಒತ್ತಿದರೂ ಸದ್ದು ಮಾಡುತ್ತಿರಲಿಲ್ಲ. "ಹಿನ್ನೆಲೆ ಸಂಗೀತ ಇಲ್ದೆ ಸಿನಿಮಾ ಹೆಂಗೆ ಅತ್ತಿಗೆ?"

ಶಾಲೆಯಲ್ಲೊಂದು ಟೀವಿ ಇತ್ತು. ಯಾರೋ ದಾನ ಕೊಟ್ಟದ್ದು. ಹೆಡ್ ಮಾಸ್ಟರ ಕೋಣೆಯಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡು, ಅದರ ಮೇಲೊಂದು ಹೂದಾನಿ ಹೊತ್ತುಕೊಂಡು ನಿಂತಿತ್ತು. ಟೀಚರ್ ಹೂದಾನಿ ಎತ್ತಿ ಹೆಡ್ ಮಾಸ್ಟರ ಕೈಗೆ ಕೊಟ್ಟು, ಬಟ್ಟೆ ಮಡಚಿ ಮೇಜಿನ ಮೇಲಿಟ್ಟು, ಜವಾನನ ಸಹಾಯದಿಂದ ಟೀವಿಯನ್ನು ಹೊರಿಸಿಕೊಂಡು ಹೋದರು. ಮಾತಾಡುವಂತಿದ್ದರೆ ಅನುಮತಿ ಕೇಳಬೇಕಾಗುತ್ತಿತ್ತು. ಹೆಡ್ ಮಾಸ್ಟರು ಹೂದಾನಿ ಹಿಡಿದುಕೊಂಡು ನಿಂತೇ ಇದ್ದರು.

ಮೊದಲ ಸಲ ಸಿನಿಮಾ ಮುಗಿದಾಗ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಎರಡನೇ ಸಲ ಟೀಚರ್ ನಡುವೆ ನಿಲ್ಲಿಸಿದರು. ಕರುವಿನ ಮುಖ ಪರದೆ ತುಂಬ ನಿಂತಿತು. ಟೀಚರ್ ಕರುವಿನ ಬಾಯಿ ತೋರಿಸಿ, ಕಿವಿಗೆ ಕೈ ಹಚ್ಚಿ ಮಕ್ಕಳ ಕಡೆ ಬಾಗಿದರು. ಏನನ್ನುತ್ತಿದೆ ಇದು?

ಮಕ್ಕಳು ಟೀಚರ್ ಬಾಯಿಯ ಕಡೆ ನೋಡಿದರು. ಟೀಚರ್ ಹೇಳಲಿ, ನಾವು ಹೇಳುತ್ತೇವೆ ಎಂದು ಕಾದರು. ಟೀಚರ್ ಹೇಳಲಿಲ್ಲ.

"ಇದು ನನ್ನ ರಸ್ತೆ," ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. ಡಬ್ಬಿ ಎಂದು ಎಲ್ಲರೂ ಕರೆಯುವ ಹುಡುಗನದು. ಊಟದ ಡಬ್ಬಿಯನ್ನು ಸದಾ ಬೆರಳಿನಲ್ಲಿ ಬಾರಿಸುತ್ತಾ ಬೈಸಿಕೊಳ್ಳುವವನು. ಟೀಚರ್ ತಿರುಗಿ ಬೋರ್ಡಿನ ಮೇಲೆ ಬರೆದರು: ಇದು ನನ್ನ ರಸ್ತೆ. ಡಬ್ಬಿ ತನ್ನ ಮಾತು ಬೋರ್ಡಿಗೆ ಏರಿದ್ದನ್ನು ಕಂಡು ಬಾಯಿ ಮುಚ್ಚುವುದನ್ನೇ ಮರೆತ.

ಆಮೇಲೆ ತಡೆಯುವವರಿಲ್ಲ. "ದಾರಿ ಬಿಡು." "ಬಿಡಲ್ಲ." "ನಮ್ಮ ಅಮ್ಮನ ಕರೀತೀನಿ." "ಆಫೀಸಿಗೆ ಲೇಟಾಯ್ತು ಮಾರಾಯ." ಟೀಚರ್ ಎಲ್ಲವನ್ನೂ ಬರೆದರು. ಸಿನಿಮಾ ಮತ್ತೆ ಓಡಿತು. ಈ ಸಲ ಗಿಣಿ ಕರು, ಡಬ್ಬಿ ಕಾರಿನವನು. ಇಬ್ಬರೂ ಬೋರ್ಡು ನೋಡಿಕೊಂಡು ಮಾತು ಹೇಳಬೇಕು.

ಗಿಣಿ ಎಲ್ಲವನ್ನೂ ತಪ್ಪಿಲ್ಲದೆ ಹೇಳಿದಳು, ಆದರೆ ಬೋರ್ಡು ನೋಡಲಿಲ್ಲ. ಒಂದು ಸಲ ಕೇಳಿದ್ದು ಅವಳ ತಲೆಯಲ್ಲಿ ಅಚ್ಚಾಗಿಬಿಡುತ್ತಿತ್ತು. ಟೀಚರ್ ಅದನ್ನು ಗಮನಿಸಿದರು. ಈ ಹುಡುಗಿಯ ನೆನಪಿನ ಶಕ್ತಿಯೇ ಅವಳಿಗೆ ಅಡ್ಡ ನಿಂತಿದೆ. ಅದನ್ನು ದಾಟಿಸುವುದು ಹೇಗೆ?

ದಾರಿ ತೋರಿಸಿದ್ದು ಕೀಬೋರ್ಡು. ಟೀಚರಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಆದರೆ ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಸ್ಲೇಟಿನ ಮೇಲೆ "ಕಾರು ಕರನ್ನು ನೆಕ್ಕಿತು" ಎಂದು ಬರೆದು ತಂದಾಗ, ಓದಬಲ್ಲವರೆಲ್ಲ ನಕ್ಕು, "ಕಾರು ಎಲ್ಲಾದ್ರೂ ನೆಕ್ಕುತ್ತೇನೇ?" ಎಂದು ಕೇಳಿದಾಗ, ಆ ಹುಡುಗಿಗೆ ತನ್ನ ತಪ್ಪು ಎಲ್ಲಿದೆ ಎಂದು ತೋರಿಸಬೇಕಿತ್ತು. ಬಾಯಿಲ್ಲ. ಟೀಚರ್ ಕೀಬೋರ್ಡಿನ ಒಂದು ಮನೆಯನ್ನು ಚುಟುಕಾಗಿ ಎರಡು ಸಲ ಒತ್ತಿ ಕರುವಿನ ಚಿತ್ರ ತೋರಿಸಿದರು. ಆಮೇಲೆ ಅದೇ ಮನೆಯನ್ನು ಒಮ್ಮೆ ಉದ್ದಕ್ಕೆ ಒತ್ತಿಹಿಡಿದು, ಇನ್ನೊಮ್ಮೆ ಚುಟುಕಾಗಿ ಬಿಟ್ಟು ಕಾರನ್ನು ತೋರಿಸಿದರು. ಹುಡುಗಿ ಕ ನೋಡಿದಳು, ಕಾ ನೋಡಿದಳು. "ಓ," ಎಂದಳು, "ಬಾಲ ಇದ್ರೆ ಎಳೀಬೇಕು."

ಅಂದಿನಿಂದ ಒಂದು ಅಕ್ಷರಕ್ಕೆ ಒಂದು ಪೆಟ್ಟು. ದೀರ್ಘಕ್ಕೆ ಎಳೆತ. ಒತ್ತಕ್ಷರ ಬಂದರೆ ಎರಡು ಮನೆ ಒಟ್ಟಿಗೆ. ಟೀಚರ್ ಬೋರ್ಡಿನ ತುಂಬ ಸಾಲು ಬರೆದು, ಯಾವುದೋ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬಾರಿಸುವುದು. ಯಾವ ಸಾಲು ಎಂದು ಮಕ್ಕಳು ಹುಡುಕುವುದು. ಉದ್ದ, ಚುಟುಕು, ಚುಟುಕು, ಚುಟುಕು: ದಾರಿ ಬಿಡು. ಚುಟುಕು, ಚುಟುಕು, ಜೋಡಿ: ಬಿಡಲ್ಲ. ಈ ಆಟದಲ್ಲಿ ಕಂಠಪಾಠ ಏನೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಅಕ್ಷರವನ್ನೇ ದಿಟ್ಟಿಸಿ ನೋಡಬೇಕು. ಗಿಣಿ ಮೊದಲ ಮೂರು ದಿನ ಒಂದನ್ನೂ ಸರಿಯಾಗಿ ಹೇಳಲಾಗದೆ ಮುಖ ಊದಿಸಿಕೊಂಡು ಕೂತಳು. ಡಬ್ಬಿ ಮಾತ್ರ ಎದೆಯುಬ್ಬಿಸಿ ತಿರುಗಿದ. ಲಯ ಅವನ ಬೆರಳಲ್ಲೇ ಇತ್ತು. ಇಷ್ಟು ದಿನ ಯಾವುದಕ್ಕಾಗಿ ಬೈಸಿಕೊಂಡನೋ ಅದೇ ಈಗ ವಿದ್ಯೆಯಾಗಿತ್ತು.

ಮೈದುನ ವಾರಕ್ಕೆರಡು ಸಿನಿಮಾ ತಂದ. ತಿರುಗಿಕೊಂಡ ಕೊಡೆಯ ಜೊತೆ ಜಗಳವಾಡುವ ಮುದುಕ; ಕ್ಷೌರದಂಗಡಿಯ ಕುರ್ಚಿಯಲ್ಲಿ ಮುಖ ಕಿವುಚುವ ಕೂಸು. ಮೂರನೇ ವಾರಕ್ಕೆ ಮಾತು ಬರೆಯುವ ಕೆಲಸ ಟೀಚರದ್ದಾಗಿ ಉಳಿಯಲಿಲ್ಲ, ಮಕ್ಕಳೇ ಬರೆದು ತಂದರು. ಸಾಲುಗಳು ಸೊಟ್ಟ, ಅಕ್ಷರಗಳು ಸೊಟ್ಟ. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬೇಕಿತ್ತು. ಓದದಿದ್ದರೆ ಸಿನಿಮಾದಲ್ಲಿ ಪಾರ್ಟು ಸಿಗುತ್ತಿರಲಿಲ್ಲ.

ನಾಲ್ಕನೇ ವಾರದಲ್ಲಿ ಒಂದು ಬೆಳಿಗ್ಗೆ ಗಿಣಿಯ ಅಜ್ಜಿ ಸೊಪ್ಪಿನ ಬುಟ್ಟಿ ಸಮೇತ ಹೆಡ್ ಮಾಸ್ಟರ ಕೋಣೆಗೆ ನುಗ್ಗಿದಳು. ಟೀಚರಿಗೆ ಬುಲಾವು ಬಂತು.

"ಏನ್ ಟೀಚರಮ್ಮ ಇದು? ಶಾಲೇನೋ ಸಿನಿಮಾ ಟಾಕೀಸೋ?" ಅಜ್ಜಿ ಬುಟ್ಟಿ ಇಳಿಸುವ ಮೊದಲೇ ಶುರುಮಾಡಿದಳು. "ನಮ್ಮ ಹುಡುಗಿ ದಿನಾ ಸಂಜೆ ನನ್ನ ಪಕ್ಕ ಕೂತು ನೀರು ಕುಡಿದ ಹಾಗೆ ಪಾಠ ಓದೋಳು. ಸೊಪ್ಪು ತಗೊಳ್ಳೋಕೆ ಬಂದೋರು ನಿಂತು ಕೇಳೋರು. ಈಗ? ಬೆರಳಿಟ್ಕೊಂಡು ಇ... ರು... ವೆ... ಅಂತ ತಡವರಿಸ್ತಾಳೆ. ಒಂದು ಸಾಲಿಗೆ ಒಂದು ಕಂತೆ ಸೊಪ್ಪು ಬಾಡೋಗುತ್ತೆ. ಇದ್ದ ಬುದ್ಧೀನೂ ಕಳೆದುಬಿಟ್ರಿ ನೀವು!"

ಹೆಡ್ ಮಾಸ್ಟರು ಟೀಚರ ಕಡೆ ನೋಡಿದರು. ಆ ನೋಟದಲ್ಲಿ, ನನಗೂ ಹಾಗೇ ಅನ್ನಿಸಿತ್ತು ಎಂಬುದು ಸ್ವಲ್ಪ ಇತ್ತು.

ಮೊದಲಿನ ದಿನಗಳಾಗಿದ್ದರೆ ಟೀಚರ ಒಂದು ಮಾತಿಗೆ ಅಜ್ಜಿ ಬುಟ್ಟಿ ಎತ್ತಿಕೊಂಡು ಹೊರಟಿರುತ್ತಿದ್ದಳು. ಈಗ ಅವರು ಸ್ಲೇಟಿನ ಮೇಲೆ ನಿಧಾನವಾಗಿ ಬರೆದರು. ಹೆಡ್ ಮಾಸ್ಟರು ಅದನ್ನು ಜೋರಾಗಿ ಓದಿದರು: "ಮೊದಲು ಅವಳು ಓದುತ್ತಿರಲಿಲ್ಲ. ನಾನು ಹೇಳಿದ್ದನ್ನು ಹೇಳುತ್ತಿದ್ದಳು. ತಪ್ಪು ನನ್ನದು. ಈಗ ಓದುತ್ತಿದ್ದಾಳೆ."

ಕೊನೆಗೆ ಬರುವ ಹೊತ್ತಿಗೆ ಹೆಡ್ ಮಾಸ್ಟರ ದನಿ ಇಳಿದಿತ್ತು. ಅಜ್ಜಿ ಮಾತ್ರ ಜಗ್ಗಲಿಲ್ಲ. "ಓದೋದು, ಹೇಳೋದು ಎಲ್ಲಾ ಒಂದೇ ಅಲ್ವಾ? ನಂಗೇನು ಅಕ್ಷರ ಬರುತ್ತಾ, ನೀವು ಹೇಳಿದ್ದೇ ಸರಿ ಅನ್ನೋಕೆ?"

ಆ ಮಾತು ಕೇಳಿ ಟೀಚರ್ ಸ್ಲೇಟು ಒರೆಸಿದರು. ಅಜ್ಜಿ ಹೇಳಿದ್ದರಲ್ಲಿ ನ್ಯಾಯವಿತ್ತು. ಆಮೇಲೆ ಮತ್ತೆ ಬರೆದು ಹೆಡ್ ಮಾಸ್ಟರಿಗೆ ತೋರಿಸಿದರು: "ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಮಾತನ್ನು ಅಜ್ಜಿ ನಿಮ್ಮ ಕಿವಿಯಲ್ಲಿ ಹೇಳಲಿ. ನೀವೇ ಬೋರ್ಡಿನ ಮೇಲೆ ಬರೆಯಿರಿ."

ಅಜ್ಜಿ ಅನುಮಾನದಿಂದಲೇ ಹೆಡ್ ಮಾಸ್ಟರ ಕಿವಿಗೆ ಬಾಗಿದಳು. ಅವರು ತಮ್ಮ ಗುಂಡನೆಯ ಅಕ್ಷರದಲ್ಲಿ ಗೋಡೆಯ ನೋಟೀಸು ಬೋರ್ಡಿನ ಮೇಲೆ ಒಂದು ಸಾಲು ಬರೆದು ಪಕ್ಕಕ್ಕೆ ಸರಿದರು. ಜವಾನ ಹೋಗಿ ಗಿಣಿಯನ್ನು ಕರೆತಂದ.

ಒಳಗೆ ಬಂದ ಗಿಣಿ ಅಜ್ಜಿಯನ್ನು ಕಂಡು ಗಾಬರಿಯಾದಳು. ಟೀಚರ್ ಬೋರ್ಡು ತೋರಿಸಿದರು. ಅವಳು ಅದರ ಹತ್ತಿರ ಹೋಗಿ ನಿಂತಳು. ಕೈ ಹಿಂದಕ್ಕೆ ಕಟ್ಟಲಿಲ್ಲ. ಬಲಗೈ ಬೆರಳು ಲಂಗದ ಮೇಲೆ ಸಣ್ಣಗೆ ತಟ್ಟತೊಡಗಿತು.

"ನ... ನ್ನ. ನನ್ನ. ಎ... ಡ... ಗಾ... ಲಿನ." ನಿಂತಳು. "ಎಡಗಾಲಿನ. ಚ... ಪ್ಪ... ಚಪ್ಪಲಿ. ಬೆ... ಳಿ... ಬೆಳಿಗ್ಗೆ. ಕಿ... ತ್ತು." ಜೋಡಿ ಅಕ್ಷರದ ಬಳಿ ಬೆರಳು ಎರಡು ಸಲ ತಪ್ಪಿತು. "ಕಿತ್ತು... ಹೋ... ಯಿ... ತು."

ಗಿಣಿ ಒಂದು ಸಲ ಮನಸ್ಸಿನಲ್ಲೇ ಓದಿಕೊಂಡಳು, ತುಟಿ ಮಾತ್ರ ಆಡಿತು. ಆಮೇಲೆ ಸಾಲಿನ ಅರ್ಥ ಅವಳ ಮುಖಕ್ಕೆ ಬಂತು. ಹೆಡ್ ಮಾಸ್ಟರ ಕಾಲು ನೋಡಿದಳು, ಶೂ ಇತ್ತು. ಟೀಚರ ಕಾಲು ನೋಡಿದಳು, ಎರಡೂ ಸರಿಯಾಗಿದ್ದವು. ಅಜ್ಜಿ ಸೀರೆಯ ಅಂಚಿನೊಳಗೆ ಪಾದ ಎಳೆದುಕೊಳ್ಳುವುದರೊಳಗೆ ಅವಳು ನೋಡಿಬಿಟ್ಟಳು.

"ಅಜ್ಜೀ, ಬರಿಗಾಲಲ್ಲಿ ಬಂದ್ಯಾ? ಈ ಬಿಸಿಲಲ್ಲಿ?"

ಅಜ್ಜಿ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು. "ನಾನು ಯಾರಿಗೂ ಹೇಳಿರಲಿಲ್ಲ," ಎಂದಳು, ಯಾರಿಗೆಂದಲ್ಲದೆ. "ಇವ್ರಿಗೆ ಕಿವೀಲಿ ಹೇಳಿದ್ದಷ್ಟೇ. ಇವಳಿಗೆ ಗೊತ್ತಾಯ್ತಲ್ಲ, ಎಲ್ಲಿಂದ ಗೊತ್ತಾಯ್ತು?"

"ಇಲ್ಲಿದೆ ನೋಡು," ಎಂದು ಗಿಣಿ ಬೋರ್ಡಿಗೆ ಬೆರಳಿಟ್ಟಳು.

ಅಜ್ಜಿ ಎದ್ದು ಬಂದು ಕಣ್ಣು ಕಿರಿದು ಮಾಡಿ ನೋಡಿದಳು. "ಇದ್ರಲ್ಲಿ ಚಪ್ಪಲಿ ಯಾವುದೇ?"

ಗಿಣಿ ತೋರಿಸಿದಳು. ಸೀಮೆಸುಣ್ಣ ಅಳಿಸದಂತೆ ಅಜ್ಜಿ ಆ ಪದವನ್ನು ಉಗುರಿನ ತುದಿಯಿಂದ ಮುಟ್ಟಿದಳು. ಟೀಚರ್ ಕಿಟಕಿಯ ಕಡೆ ತಿರುಗಿ ನಿಂತರು. ಕಣ್ಣು ತುಂಬಿ ಬಂದಿತ್ತು, ಮತ್ತು ಅದಕ್ಕೆ ಸದ್ದು ಬೇಕಿರಲಿಲ್ಲ.

ಹೊರಡುವಾಗ ಅಜ್ಜಿ ಒಂದು ಕಂತೆ ಕೊತ್ತಂಬರಿ ತೆಗೆದು ಟೀಚರ ಕೈಗಿಟ್ಟಳು. "ಬಾಯಿ ಬಂದ್ಮೇಲೆ ನನ್ನ ಬೈಯ್ಯೋದಿದ್ರೆ ಬೈರಿ ಟೀಚರಮ್ಮ, ಬೇಜಾರಿಲ್ಲ," ಎಂದಳು. ಜವಾನ ತನ್ನ ಹಳೆಯ ಚಪ್ಪಲಿ ಒಂದು ಜೊತೆ ಹುಡುಕಿ ತಂದು ಅವಳ ಕಾಲ ಮುಂದಿಟ್ಟ. ಅಳತೆ ದೊಡ್ಡದಾಗಿ ಅಜ್ಜಿ ಪಟಪಟ ಸದ್ದು ಮಾಡುತ್ತಾ ಗೇಟು ದಾಟಿದಳು.

ಅದಾದ ಮೂರನೇ ದಿನ ಹೆಡ್ ಮಾಸ್ಟರು ಕ್ಲಾಸಿನ ಬಾಗಿಲಲ್ಲಿ ನಿಂತು ಮುದುಕನ ಕೊಡೆಯ ಸಿನಿಮಾವನ್ನು ಪೂರ್ತಿ ನೋಡಿದರು. ಮುಗಿದ ಮೇಲೆ ಕೆಮ್ಮಿ, "ಮೂರನೇ ಕ್ಲಾಸಿನೋರು ಕೇಳ್ತಿದಾರೆ ಮೇಡಂ. ಅವ್ರಿಗೂ ಒಂದಷ್ಟು ಬೇಕಂತೆ," ಎಂದರು. ಮೈದುನನಿಗೆ ಈ ಸುದ್ದಿ ಮುಟ್ಟಿದಾಗ ಅವನು ಸ್ಟುಡಿಯೋದ ಗಾಜಿನ ಮೇಲೆ, ಮದುವೆ, ಗೃಹಪ್ರವೇಶ ಎಂದಿದ್ದುದರ ಕೆಳಗೆ, ಶಾಲಾ ಸಿನಿಮಾ ಎಂದೂ ಬರೆಸಿಕೊಂಡ.

ಆರು ವಾರ ಮುಗಿಯಿತು. ಡಾಕ್ಟರು ಮತ್ತೆ ನಳಿಗೆ ಇಳಿಸಿ ನೋಡಿ, ಗಂಟು ಕರಗಿವೆ ಎಂದರು. ಮೊದಲ ತಿಂಗಳು ದಿನಕ್ಕೆ ಹತ್ತೇ ನಿಮಿಷ ಮಾತು, ಕೂಗು ಮಾತ್ರ ಇನ್ನು ಈ ಜನ್ಮಕ್ಕೆ ಬೇಡ ಎಂದರು. ಟೀಚರ್ ಮೊದಲು ಆಡಿದ ಮಾತು ಮನೆಗೆ ಬಂದು ಅತ್ತೆಯ ಕಿವಿಯ ಬಳಿ. ದನಿ ತಗ್ಗಿತ್ತು, ಸ್ವಲ್ಪ ಒರಟಾಗಿತ್ತು. ಅತ್ತೆಗೆ ಒಂದಕ್ಷರವೂ ಕೇಳಿಸಲಿಲ್ಲ. ಆದರೆ ಸೊಸೆಯ ತುಟಿಯನ್ನೇ ದಿಟ್ಟಿಸಿ ನೋಡಿ, "ಕಾಫಿ ಕುಡಿದ್ರಾ ಅಂತ ಕೇಳಿದೆ ತಾನೇ? ಇನ್ನೂ ಇಲ್ಲ," ಎಂದರು. ಅದು ಸರಿಯಾಗಿಯೇ ಇತ್ತು.

ಹತ್ತು ನಿಮಿಷದ ವಿಷಯವನ್ನು ಟೀಚರ್ ಬೋರ್ಡಿನ ಮೇಲೆ ಬರೆದು ತಿಳಿಸಿದಾಗ ಕ್ಲಾಸಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಹಾಜರಿ ಕರೆಯಲು ಅದನ್ನು ಖರ್ಚು ಮಾಡುವುದು ಬೇಡ, ಹಾಜರಿ ನಾವೇ ಓದುತ್ತೇವೆ ಎಂದರು ಕೆಲವರು. ಮಗ್ಗಿಗಂತೂ ಬೇಡವೇ ಬೇಡ ಎಂದ ಡಬ್ಬಿ. ಕೊನೆಗೆ ಗಿಣಿ ಎದ್ದು, "ಹೊಸ ಸಿನಿಮಾದಲ್ಲಿ ಟೀಚರಿಗೂ ಒಂದು ಪಾರ್ಟು ಕೊಡೋಣ. ಚಿಕ್ಕದು. ಗಂಟಲು ನೋವಾಗಬಾರದು," ಎಂದಳು. ಎಲ್ಲರೂ ಒಪ್ಪಿದರು.

ಹೊಸ ಸಿನಿಮಾದಲ್ಲಿ ಇಬ್ಬರು ಹೆಂಗಸರು ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾರೆ. ಗಾಳಿ ಬಂದು ಒಂದು ಹೊದಿಕೆ ತಂತಿಯಿಂದ ಕಿತ್ತುಕೊಂಡು ಹಾರುತ್ತದೆ. ಅವರು ಹಿಂದೆ ಓಡುತ್ತಾರೆ. ಹೊದಿಕೆಯ ಪಾರ್ಟು ಟೀಚರದ್ದು. ಮಕ್ಕಳು ಬರೆದುಕೊಟ್ಟ ಚೀಟಿಯಲ್ಲಿ ಒಂದೇ ಸಾಲಿತ್ತು. ಸಿನಿಮಾ ಓಡಿತು. ಹೆಂಗಸರ ಪಾರ್ಟಿನವರು ಕೂಗಿದರು, ಡಬ್ಬಿ ಮೇಜಿನ ಮೇಲೆ ಗಾಳಿಯನ್ನು ಬಾರಿಸಿದ, ಹೊದಿಕೆ ತಂತಿ ಬಿಟ್ಟು ಮೇಲೆದ್ದಿತು. ಟೀಚರ್ ಚೀಟಿ ನೋಡಿ, ತಗ್ಗಿದ ದನಿಯಲ್ಲಿ ಓದಿದರು: "ಇವತ್ತು ನನಗೆ ರಜೆ."

ಆರು ವಾರದ ಮೇಲೆ ಆ ದನಿ ಕೇಳಿದ ಮಕ್ಕಳು ಒಂದು ಕ್ಷಣ ಪರದೆ ಬಿಟ್ಟು ಟೀಚರ್ ಮುಖ ನೋಡಿದರು. ಆಮೇಲೆ ಚಪ್ಪಾಳೆ ಬಿತ್ತು.

ಬಿಡುವಿನ ಹೊತ್ತಿಗೆ ಮಕ್ಕಳು ಬಯಲಿಗೆ ಓಡಿದರು. ಹಿಂದಿನ ದಿನ ಟೀಚರ್ ಆ ಎರಡೆರಡು ಪದದ ಚೀಟಿಗಳನ್ನು ಮತ್ತೊಮ್ಮೆ ಕೊಟ್ಟು ನೋಡಿದ್ದರು. ಮೂವತ್ತೊಂದರಲ್ಲಿ ಈಗ ಇಪ್ಪತ್ತಮೂರು ಮಂದಿ ಓದುತ್ತಿದ್ದರು. ಐದು ಮಂದಿ ತಡವರಿಸುತ್ತಿದ್ದರು. ಮೂವರಿಗೆ ಇನ್ನೂ ಅಕ್ಷರ ಕೂಡಿಬರುತ್ತಿರಲಿಲ್ಲ. ಆ ಮೂವರಲ್ಲಿ ಒಬ್ಬಳು ಆಟಕ್ಕೆ ಹೋಗದೆ ಮೇಜಿನ ಬಳಿ ನಿಂತಿದ್ದಳು. ಟೀಚರ್ ಓದಿದ ಚೀಟಿಯನ್ನು ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

"ಟೀಚರ್, ಇದು ನೀವು ಹೇಳಿದ ಮಾತಲ್ವಾ?"

ಟೀಚರ್ ಹೌದೆಂದು ತಲೆಯಾಡಿಸಿದರು. ಹತ್ತು ನಿಮಿಷದಲ್ಲಿ ಇನ್ನೂ ಒಂಬತ್ತು ಮುಕ್ಕಾಲು ಉಳಿದಿತ್ತು.

"ಇದ್ರಲ್ಲಿ ರಜೆ ಕೊನೇಲಿ ಬಂತು. ಹಂಗಾದ್ರೆ ಈ ಕೊನೇದು ಜೆ. ಇದರ ಹಿಂದಿಂದು ರ. ಹೌದಾ?"

ಟೀಚರ್ ಕುರ್ಚಿ ಎಳೆದು ಅವಳ ಪಕ್ಕಕ್ಕೆ ಹಾಕಿಕೊಂಡು ಕುಳಿತರು.